ಮರಳಿಯ ಹಾದಿಯಾಗ ಹೇಳಿದ ಸುಳ್ಳು

ಹೋದ ವಾರ ಕಾರಟಗಿಗೆ ಒಂದು ಲಗ್ನಕ್ಕ ಹೊಂಟಿದ್ದೆ. ಗಂಗಾವತಿಯಾಗ ಹತ್ತಿದ ಬಸ್ಸು ಮರಳಿ ಊರ ಹತ್ತಿರ ಗಕ್ಕನ ನಿಂತುಬಿಟ್ಟಿತು. ಇಂಜಿನ್ನು ಕೆಟ್ಟಿತೋ ಏನೋ ಅಂತ ಕಿಟಕಿಯಾಗ ಹಣಿಕಿ ಹಾಕಿದ್ರ, ರಸ್ತಾದ ಮ್ಯಾಲ ಒಂದು ಮಣ್ಣು ಹೊಂಟಿತ್ತು. ಹೆಣದ ಮೆರವಣಿಗಿಗೆ ನಮ್ಮ ಕಡೆ ಹಂಗ ಅಂತೀವಿ. ಸತ್ತಾವ ಯಾರೋ ಮುದುಕಪ್ಪ. ನಮ್ಮ ಲಿಂಗಾಯತರ ಪದ್ಧತಿ ಪ್ರಕಾರ ಅವನ್ನ ಮಲಗಿಸಿರಲಿಲ್ಲ. ಬಿದಿರಿನ ವಿಮಾನ ಕಟ್ಟಿ, ನಾಕೂ ಮೂಲಿಗೆ ಬಾಳಿಗಿಡ ನಿಲ್ಲಿಸಿ, ನಡುವ ಪಟಗಾ ಸುತ್ತಿ, ಹಣಿ ತುಂಬ ವಿಭೂತಿ ಬಳದು, ಚಕ್ಕಳಮಕ್ಕಳ ಹಾಕಿ ಕೂಡಿಸಿ ಹೊತ್ತುಕೊಂಡು ಹೊಂಟಿದ್ರು.

ನನ್ನ ಮುಂದಿನ ಸೀಟಿನ್ಯಾಗ ಪರದೇಶದ ಹುಡುಗಿಯೊಬ್ಬಾಕಿ ಕುಂತಿದ್ಲು. ಆನೆಗುಂದಿ ನೋಡಿಕೊಂಡು ಹೊಂಟಾಕಿ ಇರಬೇಕು, ಕಾಲಾಗ ಹರಕ ಚಪ್ಪಲಿ, ಬೆನ್ನಾಗ ದೊಡ್ಡ ಗಂಟು. ಕಂಡಕ್ಟರನ ತೋಳು ಮುಟ್ಟಿ ಅದೇನು ಅಂತ ಕೇಳಿದ್ಲು. ಅವ ಟಿಕೇಟು ಹರಕೊಂತ, "ಡೆಡ್. ಸಿಟಿಂಗ್ ಡೆಡ್" ಅಂದ. ಹುಡುಗಿ ಎರಡೂ ಕೈ ಮುಗದು ಸುಮ್ಮನ ಕುಂತ್ಲು. ಅಷ್ಟ. ಮಣ್ಣು ದಾಟಿತು, ಬಸ್ಸು ಹೊಂಟಿತು.

ನಾ ಹೊಳ್ಳಿ ಹೊಳ್ಳಿ ಆ ಮಣ್ಣಿನ ಕಡೆನ ನೋಡಾಕತ್ತಿದ್ದೆ. ಬಾಜೂಕಿನಾವ "ಯಾಕ್ರೀ ಯಜಮಾನ್ರ, ನಿಮ್ಮವರೇನು?" ಅಂತ ಕೇಳಿದ. ಏನಂತ ಹೇಳ್ಲಿ? ಎರಡ ಮಾತು ನೋಡ್ರಿ, ಎರಡ! ಏಳನೇ ಕ್ಲಾಸು ಫೇಲಾದಂಗ ಕಾಣೂ ಆ ಹುಡುಗ ಬೀಡಿ ವಾಸನಿ ಬಾಯಿಲೆ ಆಡಿ ಒಗದ ಆ ಎರಡು ಮಾತು, ಇದ ಹಾದಿಯಾಗ, ಒಂದಿನ ನನ್ನ ಬಾಯಿಂದ ಹೊರಬೀಳಲಿಲ್ಲ. ಇಂಗ್ಲೀಷು ಅವಗಿಂತ ನನಗ ಭಾಳ ಛಲೋ ಬರ್ತಿತ್ತು.

ದೊಡ್ಡ ಯುದ್ಧ ಸುರು ಆಗೂಕಿಂತ ಹಿಂದಿನ ಚಳಿಗಾಲ ಅದು. ನಮ್ಮ ಸೀಮಿ ಎಲ್ಲಾ ನಿಜಾಮನ ಕೈಯಾಗಿತ್ತು. ಕಚೇರಿಯ ಕಾಗದಾ ಉರ್ದುದಾಗ, ಮನಿ ಮಾತು ಕನ್ನಡದಾಗ. ಈಗ ನೋಡಿದಲ್ಲೆಲ್ಲಾ ಭತ್ತದ ಗದ್ದಿ ಕಾಣ್ತಾವಲ್ಲ, ಆಗ ಇವಿಲ್ಲ. ಕಾಲುವಿ ಅಂಬೂದು ಇನ್ನೂ ಯಾರ ಕನಸಿನ್ಯಾಗೂ ಬಂದಿರಲಿಲ್ಲ. ಮರಳಿ ಸುತ್ತೂಕಡೆ ಬಿಳಿಜೋಳ, ಕುಸುಬಿ, ಹತ್ತಿ. ಆ ವರ್ಷ ಹಿಂಗಾರಿ ಮಳಿ ಬೇಕಂದಾಗ ಬಂದು ಜೋಳ ಆಳುದ್ದ ನಿಂತಿತ್ತು. ಮುಂಜಾನೆ ಎಂಟಕ್ಕೂ ಮೈಮ್ಯಾಲಿನ ಕಂಬಳಿ ತಗಿಯೂಹಂಗಿಲ್ಲ, ಅಂಥ ಥಂಡಿ.

ನಾ ಆಗ ಇಪ್ಪತ್ತೆರಡು ವರ್ಷದಾವ, ಗಂಗಾವತಿ ತಹಸೀಲ ಕಚೇರಿಯಾಗ ಕಾರಕೂನ. ರಾಯಚೂರಾಗ ಮೆಟ್ರಿಕ್ ಪಾಸು ಮಾಡಿ ಬಂದಿದ್ದೆ. ಇಡೀ ಕಚೇರಿಯಾಗ ಇಂಗ್ಲೀಷ್ ಮಾತಾಡಾಕ ಬರ್ತಿದ್ದದ್ದು ನನಗೊಬ್ಬವಗ. ಅದರ ಸೊಕ್ಕು ಎಷ್ಟಿತ್ತಂದ್ರ, ಓಣಿಯಾಗ ನಾಯಿ ಬೈಬೇಕಾದ್ರೂ ಇಂಗ್ಲೀಷಿನ್ಯಾಗ ಬೈತಿದ್ದೆ.

ನನಗ ಆ ಸಾಲಿ ಕಲಿಸಿದಾಕಿ ಅತ್ತಿ. ನಮ್ಮಪ್ಪನ ಅಕ್ಕ, ಗುರವ್ವ ಅಂತ ಹೆಸರು. ನನ್ನ ಹಡದು ಹನ್ನೊಂದು ದಿನಕ್ಕ ಅವ್ವ ಹೋದ್ಲಂತ. ಅಪ್ಪನ್ನ ಪ್ಲೇಗು ಒಯ್ತು. ಗಂಡ ಸತ್ತು ಮರಳಿಯಾಗ ಎರಡೆತ್ತಿನ ಒಕ್ಕಲತನ ತಾನ ಮುಂದ ನಿಂತು ಮಾಡಿಸ್ತಿದ್ದ ಅತ್ತಿ, ನನ್ನನ್ನ ಕಂಬಳಿಯಾಗ ಸುತ್ತಿಕೊಂಡು ತನ್ನ ಮನಿಗೆ ತಂದ್ಲು. ಆಕಿಗೆ ಶಿವಕ್ಕ ಅಂತ ಒಬ್ಬಾಕಿ ಮಗಳು, ನನಗಿಂತ ನಾಕು ವರ್ಷ ದೊಡ್ಡಾಕಿ. ಇಬ್ಬರಿಗೂ ಒಂದ ಗಂಗಾಳದಾಗ ರೊಟ್ಟಿ ಮುರದು ಹಾಕಿ ಬೆಳಸಿದ್ಲು. ಒಂದು ಮಾತಿನ್ಯಾಗ ಮಾತ್ರ ಅತ್ತಿ ಭಾಳ ಬಿರಸು: ಕೊರಳಾಗಿನ ಲಿಂಗಕ್ಕ ನೀರು ಹಾಕಿ ಪೂಜಿ ಮಾಡದ ಬಾಯಾಗ ತುತ್ತು ಇಡೂಹಂಗಿಲ್ಲ. ಮರತು ಒಮ್ಮೆ ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡಿದ್ದಕ್ಕ ಕಿವಿ ಹಿಂಡಿ ಉಗುಳಿಸಿದ್ಲು.

ಆ ಚಳಿಗಾಲದಾಗ ಒಂದು ಸಂತಿ ದಿನ, ಮರಳಿಯಿಂದ ಮೆಣಸಿನಕಾಯಿ ಹೇರಿಕೊಂಡು ಬಂದ ಹನುಮಪ್ಪ ಕಾಕಾ ಕಚೇರಿ ಬಾಗಲಕ್ಕ ಬಂದು ನಿಂತ. "ತಮ್ಮಾ, ಗುರವ್ವಗ ಆರಾಮಿಲ್ಲ. ಕೂಳು ಬಿಟ್ಟು ನಾಕು ದಿನ ಆತು. ಚನ್ನ ಬಂದನೇನು, ಚನ್ನ ಬಂದನೇನು ಅಂತ ಬಾಗಲ ಕಡೆ ನೋಡ್ತಾಳ. ಲಗೂನ ಬಾರಪಾ" ಅಂದ.

ಚನ್ನ ಅಂದ್ರ ನಾನ.

ಅವತ್ತ ತಹಸೀಲ್ದಾರ ಸಾಹೇಬ್ರಿಗೆ ಮ್ಯಾಲಿಂದ ಹುಕುಂ ಬಂದಿತ್ತು. ವಿಲಾಯಿತಿಯಿಂದ ರಜಾ ಕಳಿಯಾಕ ಬಂದ ಗಂಡ ಹೆಂಡ್ತಿ, ಯಾರೋ ದೊಡ್ಡವರ ಬೀಗರಂತ, ಆನೆಗುಂದಿ ನೋಡಾಕ ಬರ್ತಾರ. ಐದು ದಿನ ಅವರ ಕೂಡ ಇಂಗ್ಲೀಷ್ ಬಲ್ಲವನ್ನ ಕಳಸ್ರಿ ಅಂತ. ತಹಸೀಲ್ದಾರರು ಕೆಟ್ಟವರಲ್ಲ. "ನಮ್ಮತ್ತಿ ಸಾಯಾಕತ್ತ್ಯಾಳ್ರಿ" ಅಂದಿದ್ರ ಆ ಕ್ಷಣಕ್ಕ ಬಿಡ್ತಿದ್ರು. ನಾ ಕೇಳಲಿಲ್ಲ. ಸುಳ್ಳ್ಯಾಕ ಹೇಳ್ಲಿ, ಬಿಳಿ ಸಾಹೇಬನ ಮೋಟಾರಿನ್ಯಾಗ ಕುಂತು ಗಂಗಾವತಿ ಬಜಾರದಾಗ ಹಾದು ಹೋಗೂ ಹುಚ್ಚು ನನಗ. "ಐದು ದಿನ ತಡಿ ಕಾಕಾ, ಬರ್ತೀನಂತ ಹೇಳು" ಅಂದೆ. ಕಾಕಾ ನನ್ನ ಮಾರಿ ನೋಡಿ, ಸಂತಿ ಕಡೆ ಹೋದ.

ಸಾಹೇಬಗ ಐವತ್ತರ ಹತ್ತಿರ, ಥಂಡಿಗೆ ಕೆಂಪಾದ ಮೂಗು, ಕೊರಳಾಗ ಕ್ಯಾಮರಾ, ಕೈಯಾಗ ಒಂದು ಕರೀ ಪುಸ್ತಕ. ಕಂಡದ್ದೆಲ್ಲಾ ಅದರಾಗ ಬರಕೊಳ್ಳಾವ. ಸಂಜಿಮುಂದ ತಾವು ಇಳಕೊಂಡಿದ್ದ ಬಂಗಲೆಯ ಪಡಸಾಲಿಯಾಗ ಕುಂತು ಅದನ್ನ ಹೆಂಡ್ತಿಗೆ ಓದಿ ತೋರಸ್ತಿದ್ದ. ಪ್ರತಿ ಸಾಲಿಗೂ 'ವಿಚಿತ್ರ' ಅಂಬೂ ಮಾತು. ಹೊಸ್ತಿಲಕ್ಕ ಕುಂಕುಮಾ ಹಚ್ಚೂದು ವಿಚಿತ್ರ, ಗಿಡಕ್ಕ ತೊಟ್ಟಿಲಾ ಕಟ್ಟೂದು ವಿಚಿತ್ರ, ಎತ್ತಿನ ಕಾಲು ಮುಟ್ಟಿ ನಮಸ್ಕಾರ ಮಾಡೂದು ವಿಚಿತ್ರ. ತಾನು ಮಾತ್ರ ಊಟಕ್ಕ ಕುಂತಾಗೊಮ್ಮೆ ಕಣ್ಣು ಮುಚ್ಚಿ, ಗದ್ದಾ ಎದಿಗೆ ಹಚ್ಚಿ ಏನೋ ಗುಣುಗುಣು ಅಂತಿದ್ದ. ಅದನ್ನ ನೋಡಿ ಅಡಿಗಿಯಾವ, ನೀರಿನಾವ, ನಾನು, ಯಾರರೆ ನಕ್ಕೇವೇನು? ದೇವರ ಹೆಸರು ತಗೊಳ್ಳಾಕತ್ತ್ಯಾನಂತ ಕೈ ಕಟ್ಟಿ ನಿಲ್ತಿದ್ವಿ.

ಮೋಟಾರ ಹೊಡಿಯಾವ ರಾಯಚೂರ ಕಡೆಯ ಖಾಸೀಮಸಾಬ. ಗಡ್ಡ ನೆರತ ಹಿರಿ ಮನಶ್ಯಾ, ನಮ್ಮಂಗ ಕನ್ನಡ ಆಡಾವ. ಹತ್ತು ವರ್ಷ ಸಾಹೇಬರ ಮೋಟಾರ ಹೊಡದು ಹೊಡದು ಅವಗ ಇಂಗ್ಲೀಷು ಆಡಾಕ ಬರದಿದ್ರೂ ಕೇಳಿದ್ರ ತಿಳೀತಿತ್ತು. ಇದು ನನಗ ಮೊದಲಿಗೆ ಗೊತ್ತಿದ್ದಿಲ್ಲ.

ಎರಡನೇ ದಿನ ಆನೆಗುಂದಿಯಾಗ ಒಂದು ಗುಡಿ ಮುಂದ ಒಬ್ಬಾಕಿ ಹೆಣಮಗಳು ದೀಡ ನಮಸ್ಕಾರ ಹಾಕಾಕತ್ತಿದ್ಲು. ತಣ್ಣೀರು ಸುರುವಿಕೊಂಡು, ಒದ್ದಿ ಸೀರಿಯಾಗ ನೆಲಕ್ಕ ಬೋರಲ ಬೀಳೂದು, ಕೈ ಮುಟ್ಟಿದಲ್ಲಿ ಗೆರಿ ಎಳಿಯೂದು, ಎದ್ದು ಆ ಗೆರಿಗೆ ನಿಂತು ಮತ್ತ ಬೀಳೂದು. ಸಾಹೇಬ ನಿಂತು ನೋಡಿದ. ಆಮ್ಯಾಲ ತನ್ನ ಒಂದು ಕೈಬಳ್ಳು ಡೊಂಕು ಮಾಡಿ, ಮತ್ತ ನೆಟ್ಟಗ ಮಾಡಿ, "ನಮ್ಮ ತ್ವಾಟದಾಗ ಎಲಿ ತಿನ್ನೂ ಹುಳಾ ಹಿಂಗ ನಡೀತೈತಿ ನೋಡು" ಅಂದ.

ನಾ ನಕ್ಕೆ. ಸಣ್ಣಗಲ್ಲ, ಬಾಯಿ ತಗದು ನಕ್ಕೆ.

ಮೇಮಸಾಬ ನಗಲಿಲ್ಲ. ಸಪೂರ ಹೆಣಮಗಳು, ದನಿ ಭಾಳ ಮೆತ್ತಗ. "ಆಕಿ ಯಾಕ ಹಂಗ ಮಾಡ್ತಾಳ?" ಅಂತ ನನ್ನ ಕೇಳಿದ್ಲು. "ಓದು ಬರಹ ಇಲ್ಲದ ಮಂದಿ, ಮೇಡಮ್" ಅಂದೆ. ನಾ ಐದು ವರ್ಷದಾವಿದ್ದಾಗ ನನಗ ಮೈಲಿ ಎದ್ದು ಜೀವ ಹೋಗೂದಿತ್ತಂತ. ಅತ್ತಿ ಮನಿಯಿಂದ ಗುಡಿತನಾ ಹಿಂಗ ದೀಡ ನಮಸ್ಕಾರ ಹಾಕಿ, ಮೊಣಕಾಲು ಹರಕೊಂಡಿದ್ಲು. ಆ ಗಾಯದ ಕಲಿ ಕಡಿತನಾ ಆಕಿಯ ಮೊಣಕಾಲ ಮ್ಯಾಲಿತ್ತು. ಆ ಕಲಿ ಕಂಡಾವ ನಾನ, ನಕ್ಕಾವನೂ ನಾನ. ಥೂ ಇವನ, ಅಂತ ಈಗ ನನಗ ನಾ ಬೈಕೊಂತೀನಿ.

ಮರುದಿನ ಗುಡ್ಡಾ ಹತ್ತೂಮುಂದ ನನ್ನ ಅಂಗಿ ಗುಂಡಿ ಹರದು ಲಿಂಗದ ಕರಡಿಗಿ ಹೊರಗ ಬಿತ್ತು. ದುಂಡನ ಬೆಳ್ಳಿ ಡಬ್ಬಿ, ಅತ್ತಿ ಮಾಡಿಸಿ ಹಾಕಿದ್ದು. ಮೇಮಸಾಬ ಕಂಡು, "ಎಷ್ಟು ಚಂದ ಐತಿ! ಗಡಿಯಾರೇನು?" ಅಂದ್ಲು. ಸಾಹೇಬನ ಕೈ ಆಗಲೇ ಕರೀ ಪುಸ್ತಕದ ಕಡೆ ಹೋಗಿತ್ತು. ನಾ ಲಗೂ ಅದನ್ನ ಒಳಗ ತುರಕಿ "ಹೌದ್ರಿ, ಗಡಿಯಾರ" ಅಂದೆ.

"ಹಂಗಾರ ಈಗ ವ್ಯಾಳೆ ಎಷ್ಟು?"

"ನಿಂತುಬಿಟ್ಟೈತ್ರಿ, ಮೇಡಮ್."

ಇಳದು ಬಂದಮ್ಯಾಲ ಖಾಸೀಮಸಾಬ ನನ್ನ ಬದಿಗೆ ಬಂದು, "ಚನ್ನಪ್ಪಾರ, ನಿಮ್ಮ ದೇವರಿಗೆ ಕೀಲಿ ಕೊಡ್ರಿ, ನಿಂತಾನಂತ" ಅಂದ. ಅವತ್ತ ನನಗ ಗೊತ್ತಾತು ಈ ಮುದುಕಗ ಎಲ್ಲಾ ತಿಳೀತೈತಿ ಅಂತ. ಮಾರಿ ಸಪ್ಪಗಾತು. ಅವ ಮಾತ್ರ ಚ್ಯಾಷ್ಟಿ ಮಾಡಿದಂಗ ನಕ್ಕು ಮೋಟಾರಿಗೆ ನೀರು ಹಾಕಾಕ ಹೋದ. ಅವನೂ ಅನುಭವಿಸಿದಾವನ. ಹೊಳಿ ದಂಡಿಮ್ಯಾಲ ಟಾವೆಲ್ಲು ಹಾಸಿ ನಮಾಜಿಗೆ ನಿಂತಾಗ ಸಾಹೇಬ ಹಿಂದ ಬಂದು ಮೂರು ಪೋಟೋ ಹೊಡಕೊಂಡಿದ್ದ. "ಸಿಟ್ಟು ಬರಲಿಲ್ಲೇನು ಚಾಚಾ?" ಅಂತ ಕೇಳಿದ್ದಕ್ಕ, "ಯಾರ ಮುಂದ ನಿಂತಿದ್ದೆ ಅಂತ ನನಗ ಗೊತ್ತಿತ್ತು. ಹಿಂದ ಯಾರಿದ್ರ ನನಗೇನಪಾ?" ಅಂದ. ಅಷ್ಟು ಸರಳ ಇತ್ತು ಅದು ಅವಗ.

ನಾಕನೇ ದಿನ ಹರಿಗೋಲಿನ್ಯಾಗ ಹೊಳಿ ದಾಟೂಮುಂದ ಮೇಮಸಾಬ ತನ್ನ ಸಂಗತಿ ಹೇಳಿದ್ಲು. ಒಂಬತ್ತು ವರ್ಷದ ಮಗಳು ಜ್ವರಾ ಬಂದು ಮೂರು ದಿನದಾಗ ಹೋದ್ಲಂತ. ಅದನ್ನ ಮರಸಾಕ ಗಂಡ ದೇಶ ತಿರಗಸಾಕ ಕರಕೊಂಡು ಬಂದಿದ್ದ. "ನಿಮ್ಮ ದೇಶದಾಗ ಸಾಧು ಸಂತರು ಸತ್ತವರ ಸುದ್ದಿ ಹೇಳ್ತಾರಂತ, ಖರೇನ? ಅಂಥವರು ಯಾರರೆ ಇದ್ರ ತೋರಸ್ತಿಯೇನು?" ಅಂತ ನೀರಿನ ಕಡೆ ನೋಡಿಕೊಂತ ಕೇಳಿದ್ಲು. ಇಲ್ಲ ಅನ್ನಬೇಕಿತ್ತು. "ನೋಡೂಣ್ರಿ" ಅಂದೆ. ದೊಡ್ಡವರಿಗೆ ಇಲ್ಲ ಅಂದು ನನಗ ರೂಢಿನ ಇದ್ದಿಲ್ಲ.

ಐದನೇ ದಿನ ಅವರು ರಾಯಚೂರಿಗೆ ಹೊಂಟ್ರು. ನಾ ಸಿಂಧನೂರತನಾ ಹೋಗಿ ತಿರಗಿ ಬರೂದಿತ್ತು. ಬರೂಮುಂದ ಮರಳಿಯಾಗ ಇಳದು, ಅತ್ತಿ ಹಂತೇಲೆ ಎರಡು ದಿನ ಇದ್ದು ಬಂದ್ರಾತು ಅಂತ ನನ್ನ ಲೆಕ್ಕಾಚಾರ. ಆಕಿಗಂತ ಆನೆಗುಂದಿಯಿಂದ ವಿಭೂತಿ, ಎರಡು ಬಾಳೆಹಣ್ಣು ಗಂಟು ಕಟ್ಟಿ ಮೋಟಾರಿನ್ಯಾಗ ಇಟ್ಟಿದ್ದೆ. ಮಧ್ಯಾಹ್ನ ಇಳಿಹೊತ್ತಿಗೆ ಮರಳಿ ಸೀಮಿ ಬಂತು. ಹೊಲದಾಗ ಯಾರೋ ಹಸಿ ಜೋಳದ ತೆನಿ ಸುಡಾಕತ್ತಿದ್ರು, ಆ ವಾಸನಿ ಮೋಟಾರ ಒಳಗೂ ಬಂತು.

ಮುಂದ ಹಲಗಿ ಸಪ್ಪಳ. ಭಜನಿ ತಾಳ. ದೂರದಾಗ ಧೂಳಿನ ನಡುವ ಬಾಳಿಗಿಡದ ವಿಮಾನ ಅಲಗಾಡಿಕೊಂತ ನಮ್ಮ ಕಡೆನ ಬರಾಕತ್ತಿತ್ತು.

ಸಾಹೇಬ ಕ್ಯಾಮರಾ ತಗದ. "ಏನದು? ಮದುವಿಯೇನು?"

ಮೇಮಸಾಬ ಮುಂದ ಬಾಗಿ, "ಅಲ್ಲ, ನಡುವ ಮುದುಕಿ ಕುಂತಾಳ. ಮಹಾರಾಣಿ ಕುಂತಂಗ ಕುಂತಾಳಲ್ಲ! ಯಾರಾಕಿ?" ಅಂದ್ಲು.

ಯಾರೋ ಮುದುಕಿ ಸತ್ತಾಳಂತ ನನಗ ಗೊತ್ತಾತು. ಇಷ್ಟು ದೂರಕ್ಕ ಮಾರಿ ಕಾಣ್ತಿದ್ದಿಲ್ಲ, ಹೂವಿನ ಮಾಲಿ ಮುಚ್ಚಿತ್ತು. ಸತ್ತಾಕಿರಿ, ನಮ್ಮಲ್ಲಿ ಕೂಡಿಸಿ ಒಯ್ತಾರ್ರಿ. ಇಷ್ಟ ಹೇಳಬೇಕಿತ್ತು. ಆದ್ರ ಆ ಕರೀ ಪುಸ್ತಕ ಸಾಹೇಬನ ತೊಡಿಮ್ಯಾಲ ಬಿಚ್ಚಿ ಕುಂತಿತ್ತು. 'ಹೆಣಕ್ಕ ಸಿಂಗಾರ ಮಾಡಿ ಮೆರಸ್ತಾರ, ವಿಚಿತ್ರ' ಅಂತ ಅವ ಬರಿಯೂದು, ಬಂಗಲೆಯಾಗ ಕುಂತು ಅದನ್ನ ಓದಿ ನಗೂದು, ಎಲ್ಲಾ ಕಣ್ಣಿಗೆ ಕಟ್ಟಿತು. ಮೈಯೆಲ್ಲಾ ನಾಚಿಕಿ ಹತ್ತಿ ಉರೀತು.

"ಆಕಿ ದೊಡ್ಡ ಶರಣಿರಿ. ಧ್ಯಾನದಾಗ ಕುಂತಾಳ. ವರ್ಷಕ್ಕೊಮ್ಮೆ ಮಂದಿ ಹಿಂಗ ಹೊತ್ತು ಮೆರಸ್ತಾರ" ಅಂದೆ.

ಖಾಸೀಮಸಾಬ ಗರ್ರನ ಹೊಳ್ಳಿ ನನ್ನ ನೋಡಿದ. "ಏನಂದ್ರಿ ಚನ್ನಪ್ಪಾರ?"

"ಸುಮ್ಮನ ಬದಿಗೆ ಹೊಡಿ ಚಾಚಾ."

ಅವ ಬದಿಗೆ ಹೊಡೀಲಿಲ್ಲ. ಹಾದಿಯ ನಡುವನ ಮೋಟಾರ ನಿಲ್ಲಿಸಿ, ಇಂಜಿನ್ನು ಬಂದ ಮಾಡಿ, ಇಳದ. ಯಾರದರೆ ಇರಲಿ, ಹೆಣ ಎದುರಿಗೆ ಬಂತಂದ್ರ ನಾಕು ಹೆಜ್ಜಿ ಹೆಗಲು ಕೊಡಬೇಕಂತ ಅವನ ರೂಢಿ. ಸೀದಾ ಹೋಗಿ ಒಬ್ಬನ್ನ ಬಿಡಿಸಿ ವಿಮಾನದ ಬಿದಿರಿಗೆ ತಾನು ಹೆಗಲು ಹಚ್ಚಿದ. ಅವ ಇಳದದ್ದ ನೋಡಿ ಮೇಮಸಾಬಳೂ ಬಾಗಲಾ ತಗದ್ಲು. ಗುಡಿಗೆ ಹೋದಾಗ ಮಾಡ್ತಿದ್ದಂಗ ಬೂಟು ಬಿಚ್ಚಿಟ್ಟು, ಬರಿಗಾಲಿಲೆ ನಡದೇಬಿಟ್ಲು. ಹಿಂದ ಸಾಹೇಬ, ಅವನ ಹಿಂದ ನಾನು.

ಮೊದಲ ಕಂಡಾಕಿ ಶಿವಕ್ಕ. ತಲಿ ಬಿಚ್ಚಿಕೊಂಡು, ಇಬ್ಬರು ಹೆಣಮಕ್ಕಳು ಹಿಡಕೊಂಡಿದ್ರು. ಎಪ್ಪಾ ಶಿವನ! ಆಮ್ಯಾಲ ನನ್ನ ಕಣ್ಣು ಮ್ಯಾಲ ಹೋತು. ಬಿಳಿ ಸೀರಿ. ಹಣಿ ತುಂಬ ವಿಭೂತಿ. ಗದ್ದದ ಮ್ಯಾಲ ಹಚ್ಚಿ ಹೊಯ್ಸಿದ ಮೂರು ಚುಕ್ಕಿ. ಸಣ್ಣಾವಿದ್ದಾಗ ಆಕಿಯ ತೊಡಿಮ್ಯಾಲ ಮಲಗಿ ಒಂದು, ಎರಡು, ಮೂರು ಅಂತ ನಾ ಬಳ್ಳಿಟ್ಟು ಎಣಸ್ತಿದ್ದ ಚುಕ್ಕಿ.

ಮಂದಿ ನನ್ನ ಕಂಡು ಗೊಳ್ಳನ ಅತ್ರು. "ಬಂದ! ಚನ್ನ ಬಂದ! ಮೋಟಾರ ಮಾಡಿಕೊಂಡು ಓಡಿ ಬಂದಾನ ನೋಡ್ರಿ!" ಶಿವಕ್ಕ ಬಂದು ಕೊರಳಿಗೆ ಬಿದ್ಲು. "ನಿನ್ನೆ ಹೊತ್ತು ಮುಳಗೂಮುಂದ ಹೋದ್ಲೋ ತಮ್ಮಾ. ನಸುಕಿನ್ಯಾಗ ಗಂಗಾವತಿಯಾಗಿನ ನಿನ್ನ ಖೋಲಿಗೆ ಮಂದಿ ಕಳಿಸಿದ್ವಿ, ಕೀಲಿ ಹಾಕಿತ್ತಂತ. ಚನ್ನ ಬರದ ಮಣ್ಣು ಎತ್ತೂದು ಬ್ಯಾಡಂತ ಇಷ್ಟೊತ್ತನ ಕೂಡಿಸಿಕೊಂಡು ಕುಂತಿದ್ವಿ. ಬಂದ್ಯಲ್ಲೋ, ಸಾಕಾತು!"

ಅಷ್ಟರಾಗ ಮೇಮಸಾಬ ವಿಮಾನದ ಮುಂದ ಹೋಗಿ ನಿಂತಿದ್ಲು. ನನ್ನ ಕೂಡ ಬಂದಾಕಿ, ದರ್ಶನಕ್ಕ ಬಂದಾಳ ಅಂತ ತಿಳಕೊಂಡು ಹೊತ್ತವರು ವಿಮಾನ ಕೆಳಗ ಇಳಿಸಿದ್ರು. ಆಕಿ ಧೂಳಿನ್ಯಾಗ ಮೊಣಕಾಲೂರಿ ಅತ್ತಿಯ ಪಾದಕ್ಕ ಹಣಿ ಹಚ್ಚಿದ್ಲು. "ನೋಡ್ರೆವ್ವಾ, ಯಾವ ದೇಶದಾಕಿನೋ, ಹ್ಯಾಂಗ ಶರಣು ಮಾಡಾಕತ್ತ್ಯಾಳ" ಅಂತ ಮುದುಕ್ಯಾರು ಸೆರಗಿಲೆ ಕಣ್ಣು ಒರಸಿಕೊಂಡ್ರು. ಆಕಿ ಇನ್ನೂ ಮುಂದ ಸರದು, ಅತ್ತಿಯ ಬಲಗೈ ಎತ್ತಿ ತನ್ನ ತಲಿಮ್ಯಾಲ ಇಟ್ಟುಕೊಳ್ಳಾಕ ಹೋದ್ಲು. ಸೆಟದ ಕೈ ಬಾಗಲಿಲ್ಲ. ಅದಕ್ಕ ತಾನ ತಲಿ ಬಗ್ಗಿಸಿ ಅದರ ಕೆಳಗ ತಂದ್ಲು.

ಸಾಹೇಬನ ಕ್ಯಾಮರಾ ಟಪ್ಪ ಟಪ್ಪ ಅಂತು.

ಮೇಮಸಾಬ ಆ ಕೈ ಕೆಳಗಿಂದನ ನನ್ನ ಕಡೆ ಹೊಳ್ಳಿ ನೋಡಿದ್ಲು. ಕಣ್ಣಾಗ ನೀರು ತುಂಬಿ ನಿಂತಿತ್ತು. "ಕೇಳು" ಅಂದ್ಲು. "ನನ್ನ ಮಗಳು ಆರಾಮ ಅದಾಳೇನಂತ ಈ ತಾಯೀನ್ನ ಕೇಳು."

"ಏನಂತಾಳೋ ಆಕಿ?" ಅಂತ ಶಿವಕ್ಕ ಕೇಳಿದ್ಲು. ಮೇಮಸಾಬ ಅತ್ತಿಯ ಮಾರಿ ನೋಡಿ ತಾನ ಏನೋ ಮಾತಾಡಾಕ ಸುರು ಮಾಡಿದ್ಲು, ಉತ್ತರಾ ಬರ್ತೈತಿ ಅಂಬೂಹಂಗ ತುಸು ತಡದು, ಮತ್ತ ಮಾತಾಡಿದ್ಲು. ಭಜನಿ ನಿಂತಿತು. ಮಂದಿ ಒಬ್ಬರ ಮಾರಿ ಒಬ್ಬರು ನೋಡಿಕೊಂಡ್ರು. ಶಿವಕ್ಕನ ಅಳು ನಡುವ ಕಡೀತು. "ಚನ್ನಾ, ಆಕಿ ಅವ್ವನ ಕೂಡ ಮಾತಾಡಾಕತ್ತ್ಯಾಳೇನು? ಸತ್ತಾಳಂತ ಆಕಿಗೆ ಗೊತ್ತಿಲ್ಲೇನು?"

ಬಿದಿರ ಹಿಡಕೊಂಡು ನಿಂತಿದ್ದ ಖಾಸೀಮಸಾಬ ಸಣ್ಣ ದನಿಲೆ, "ಹೇಳ್ರಿ ಚನ್ನಪ್ಪಾರ. ಪಾಪ ಐತಿ ಇದು" ಅಂದ.

"ಜೀವಂತ ಅದಾಳ ಅಂತ ನಾನ ಹೇಳೀನಿ" ಅಂದೆ ಶಿವಕ್ಕಗ. "ನಮ್ಮತ್ತಿ ಅಂತ ಗೊತ್ತಿದ್ದಿಲ್ಲ ಅಕ್ಕಾ, ದೂರಿಂದ ಗುರತು ಹತ್ತಲಿಲ್ಲ."

"ಯಾರರೆ ಇರ್ಲಿ. ಸತ್ತಾಕಿನ್ನ ಜೀವಂತ ಅದಾಳ ಅಂತ ಯಾಕ ಹೇಳಿದಿ?"

"ಹಿಂಗ ಕೂಡಿಸಿ ಒಯ್ತೀವಿ ಅಂದ್ರ ನಗ್ತಾರ ಅಂತ... ನಾಚಿಕಿ ಬಂತು."

ಶಿವಕ್ಕನ ಕೈ ಇನ್ನೂ ನನ್ನ ಕೊರಳ ಮ್ಯಾಲಿತ್ತು. ಅದನ್ನ ತಗದ್ಲು. ಬೈಲಿಲ್ಲ, ಹೊಡೀಲಿಲ್ಲ. ಹೊಡದಿದ್ರ ಛಲೋ ಇತ್ತು. ಹೋಗಿ ಮೇಮಸಾಬಳ ಬದಿಗೆ ಕುಂತು, ಆಕಿಯ ತಲಿಮ್ಯಾಲಿನ ಅತ್ತಿಯ ಕೈ ಮೆಲ್ಲಕ ಬಿಡಿಸಿ ಅತ್ತಿಯ ತೊಡಿಮ್ಯಾಲ ಇಟ್ಲು. ಆಕಿಯ ಕೈ ಹಿಡಕೊಂಡು ಅತ್ತಿಯ ಮೂಗಿನ ಹತ್ತಿರ ಒಯ್ದು ತೋರಿಸಿ, ಇಲ್ಲ ಅಂತ ತಲಿ ಅಲ್ಲಾಡಿಸಿದ್ಲು. ಆಮ್ಯಾಲ ನೆಲಾ ತಟ್ಟಿ ತೋರಿಸಿದ್ಲು.

ಮೇಮಸಾಬ ಚೀರಿದ್ಲು. ಅಂಥ ಚೀರು ನಾ ಮತ್ತ ಕೇಳಿಲ್ಲ. ಕೈ ಕೊಡವಿಕೊಂಡು ಹಿಂದಕ್ಕ ಬಿದ್ಲು. ಸಾಹೇಬ ಓಡಿ ಬಂದು ಆಕಿಯ ರೆಟ್ಟಿ ಹಿಡದು ಎಬ್ಬಿಸಿ, "ಹೆಣಾ! ಹೆಣಾ ಮುಟ್ಟಿಸ್ಯಾರ!" ಅಂತ ಒದರಿಕೊಂತ ಮೋಟಾರಿನ ಹಂತೇಲೆ ಎಳಕೊಂಡು ಹೋಗಿ, ಯಾವುದೋ ಔಷಧದ ಸೀಸೆ ಅಷ್ಟೂ ಆಕಿಯ ಕೈಮ್ಯಾಲ ಸುರುವಿ ತಿಕ್ಕಾಕ ಹತ್ತಿದ. ಊರ ಮಂದಿಯೆಲ್ಲಾ ನೋಡಾಕತ್ತಿದ್ರು. ನಮ್ಮತ್ತಿಯ ಕೈ ಮುಟ್ಟಿದ ಕೈಯನ್ನ ಅವ ಹಂಗ ತೊಳಿಯಾಕತ್ತಿದ್ದ. "ಸಾವಿನ ಸೂತಕ ನಮಗ ಇಲ್ಲ, ಆತಗ್ಯಾಕ ಹತ್ತಿತೋ?" ಅಂತ ಮುಂದ ನಿಂತಿದ್ದ ಮಠದ ಅಯ್ಯನವರು ತಮ್ಮಷ್ಟಕ್ಕ ತಾವ ಅಂದ್ರು.

ನಾ ಮೋಟಾರಿನ ಹಂತೇಲೆ ಹೋದೆ. ಏನು ಹೇಳಾಕ ಹೋಗಿದ್ದೆನೋ ಆ ಭಗವಂತಗ ಗೊತ್ತು. ಮೇಮಸಾಬ ತಲಿ ಎತ್ತಿ ನನ್ನ ನೋಡಿದ್ಲು.

"ಸತ್ತಾಳ ಅಂತ ನೀ ಹೇಳಿದ್ರ ನಾ ಬದಿಗೆ ನಿಂತು ಕೈ ಮುಗೀತಿದ್ದೆ" ಅಂದ್ಲು. "ಸಾವು ಅಂದ್ರ ಏನಂತ ನನಗ ಗೊತ್ತಿಲ್ಲಂತ ತಿಳದ್ಯೇನು? ನನ್ನ ಮಗಳ ಸುದ್ದಿ ನಿನಗ ಹೇಳಿದ್ದೆ ನಾನು. ಅಷ್ಟಾದ ಮ್ಯಾಲೂ ಸತ್ತಾಕಿಯ ಮುಂದ ನನ್ನ ಕುಂದರಿಸಿ ನೋಡಿಕೊಂತ ನಿಂತ್ಯಲ್ಲ."

"ಆಕಿ ನಮ್ಮ ಅತ್ತಿರಿ" ಅಂದೆ. "ನನ್ನ ಸಾಕಿದಾಕಿ."

ಆಕಿಗೆ ಮೊದಲು ತಿಳೀಲಿಲ್ಲ. ತಿಳದಾಗ ಮಾರಿ ಹೆಂಗಾತಂದ್ರ, ಅತ್ತಿ ಸತ್ತಾಳಂತ ತಿಳದು ಚೀರಿದಾಗಲೂ ಹಂಗಾಗಿರಲಿಲ್ಲ. ಮನಶ್ಯಾ ಮನಶ್ಯಾನ್ನ ಹಂಗ ನೋಡಬಾರದು. ಒಂದು ಹೆಜ್ಜಿ ಹಿಂದ ಸರದ್ಲು, ನಾನ ಹೆಣ ಇದ್ದಂಗ. ಗಂಡನ ಕೈಯಾಗಿಂದ ತನ್ನ ಕೈ ಕಸಗೊಂಡು, ಬರಿಗಾಲಿಲೆ ತಿರಗಿ ಹೋಗಿ ಶಿವಕ್ಕನ ಮುಂದ ನಿಂತ್ಲು. ಭಾಷೆ ಇಲ್ಲ, ಏನಿಲ್ಲ. ಶಿವಕ್ಕ ಒಂದು ಗಳಿಗಿ ನೋಡಿ, ಕೈ ಚಾಚಿ ಆಕಿಯ ಕೊರಳಿಗೆ ಬಿದ್ಲು. ಇಬ್ಬರೂ ಹೋ ಅಂತ ಅತ್ರು. ಒಬ್ಬಾಕಿ ಅವ್ವಗ, ಒಬ್ಬಾಕಿ ಮಗಳಿಗೆ. ಓಣಿಯ ಹೆಣಮಕ್ಕಳೆಲ್ಲಾ ಸುತ್ತ ಕೂಡಿ ಅತ್ರು. ಮತ್ತ ಹಲಗಿ ಸುರು ಆತು, ವಿಮಾನ ಎದ್ದಿತು. ಸಾಹೇಬ ಹಾರನ್ನು ಹೊಡದೇ ಹೊಡದ. ಆಕಿ ಹೊಳ್ಳಿ ನೋಡದ ಮಂದಿ ಕೂಡ ನಡದ್ಲು. ಖಾಸೀಮಸಾಬನೂ ಹೆಗಲು ಬಿಡಲಿಲ್ಲ. ಮೋಟಾರಿನ್ಯಾಗ ಸಾಹೇಬ ಒಬ್ಬಾವ ಕುಂತ. ನಾ ಎಲ್ಲರಗಿಂತ ಹಿಂದ, ಧೂಳಾ ತಿನ್ನಕೊಂತ ನಡದೆ. ಅಡಕಿಗೆ ಹೋದ ಮಾನ ಆನಿ ಕೊಟ್ರೂ ಬರೂದಿಲ್ಲ ಅಂತಾರ. ನಂದು ಹೋದದ್ದು ಒಂದು ಪುಸ್ತಕದ ಸಾಲಿಗೆ.

ಅತ್ತಿಯ ಹೊಲದ ದಂಡಿಗೆ, ಮಾವನ ಗದ್ದುಗಿ ಬದೀಲೆ ಕುಣಿ ತಗದಿದ್ರು. ಒಳಗ ಇಳಿಸಿ ಕೂಡಿಸಿ, ಅಯ್ಯನವರು ಮಂತ್ರಾ ಅಂದು, ಆಕಿಯ ಲಿಂಗ ಆಕಿಯ ಎಡಗೈಯಾಗ ಇಟ್ರು. ಸುತ್ತ ವಿಭೂತಿ, ಪತ್ರಿ ತುಂಬಿದ್ರು. ಇನ್ನ ಮಣ್ಣು ಕೊಡೂದು. ಮೊದಲ ಶಿವಕ್ಕ ಕೊಟ್ಲು, ಆಮ್ಯಾಲ ಆಕಿಯ ಗಂಡ, ಹನುಮಪ್ಪ ಕಾಕಾ. ಖಾಸೀಮಸಾಬ ಟೊಪಿಗಿ ಸರಿ ಮಾಡಿಕೊಂಡು ಮೂರು ಹಿಡಿ ಹಾಕಿ ಸರದು ನಿಂತ. ಮೇಮಸಾಬ ಎಲ್ಲರೂ ಮಾಡೂದು ನೋಡಿ, ತಾನೂ ಬಗ್ಗಿ ಒಂದು ಹಿಡಿ ಮಣ್ಣು ತಗೊಂಡ್ಲು. ಔಷಧದ ಜಿಗಿ ಇನ್ನೂ ಹೋಗಿದ್ದಿಲ್ಲ, ಮಣ್ಣು ಆಕಿಯ ಬಳ್ಳಿಗೆ ಅಂಟಿತು. ಕುಣಿ ಮ್ಯಾಲ ಕೈ ಝಾಡಿಸಿ ಅಂಟಿದ್ದನ್ನೂ ಉದುರಿಸಿದ್ಲು.

ನಾ ಮುಂದ ಬಂದೆ. ಯಾರೂ ತಡೀಲಿಲ್ಲ. ಬಗ್ಗಿ ಹಿಡಿ ತುಂಬ ಕರೀ ಮಣ್ಣು ತಗೊಂಡೆ. ಕೆಳಗ ಅತ್ತಿಯ ಮಾರಿ ಇನ್ನೂ ಕಾಣ್ತಿತ್ತು. ಶಿವಕ್ಕ ಬಂದು ನನ್ನ ಮುಂಗೈ ಹಿಡದ್ಲು.

"ನೀ ಬ್ಯಾಡ."

"ಅಕ್ಕಾ, ತಪ್ಪಾತು. ನಿನ್ನ ಕಾಲಿಗೆ ಬೀಳ್ತೀನಿ."

ದನಿ ಏರಿಸಲಿಲ್ಲ ಆಕಿ. ಸಣ್ಣಾವಿದ್ದಾಗ ನನಗ ಮಗ್ಗಿ ಹೇಳಿ ಕೊಡ್ತಿದ್ದಂಗ ಸಾವಕಾಶ ಹೇಳಿದ್ಲು. "ನಿನ್ನ ಬಾಯಾಗ ಅವ್ವ ಇನ್ನೂ ಜೀವಂತ ಅದಾಳಲ್ಲೋ ಚನ್ನಾ. ಜೀವ ಇದ್ದಾಕಿ ಮ್ಯಾಲ ಮಣ್ಣು ಹಾಕ್ತಿಯೇನು?"

ಬಗ್ಗಿದಾವ ಬಗ್ಗಿದಂಗ ನಿಂತೆ, ಉಳದ ಮಂದಿ ನನ್ನ ಬದೀಲೆ ಹಾದು ಒಬ್ಬೊಬ್ಬರ ಅತ್ತಿಗೆ ಮಣ್ಣು ಕೊಟ್ಟು ಹೊಂಟ್ರು.